ಇಳಿವಯಸ್ಸಿನ ಆರೋಗ್ಯಕ್ಕೆ ಒಡನಾಟವೂ ಅವಶ್ಯಕ

ಮನೆಯ ಹಿರಿಯರಿಗೆ ಹೊತ್ತಿಗೆ ಸರಿಯಾಗಿ ಊಟ, ಔಷಧಿ ದೊರೆತರೆ ಸಾಕೆಂದು ಅನೇಕ ಕುಟುಂಬಗಳಲ್ಲಿ ಭಾವಿಸಲಾಗುತ್ತದೆ. ಇವು ಅಗತ್ಯವೇ ಹೌದು. ಆದರೆ ಜನರ ಒಡನಾಟಕ್ಕೂ ಆಯುಸ್ಸಿಗೂ ನಿಕಟ ಸಂಬಂಧವಿದೆಯೆಂದು ಸಂಶೋಧನೆಗಳಿಂದ ತಿಳಿದುಬಂದಿದೆ.

ಸಂಶೋಧನೆಗಳ ಫಲಿತಾಂಶ

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಅಲಮೀಡಾ ಎಂಬಲ್ಲಿ 1965ರಲ್ಲಿ 6,928 ವಯಸ್ಕರ ಸಮೀಕ್ಷೆ ನಡೆಸಿ, ಮುಂದಿನ ಒಂಬತ್ತು ವರ್ಷಗಳಲ್ಲಿ ಸಂಭವಿಸಿದ ಸಾವುಗಳನ್ನು ಗಮನಿಸಲಾಯಿತು. ಬರ್ಕ್‌ಮನ್ ಮತ್ತು ಸೈಮ್ ಎಂಬ ವಿಜ್ಞಾನಿಗಳು 1979ರಲ್ಲಿ ಇದರ ಫಲಿತಾಂಶ ಪ್ರಕಟಿಸಿದರು. ನೆಂಟರು, ಗೆಳೆಯರು, ಸಂಘಸಂಸ್ಥೆಗಳ ಸಂಪರ್ಕ ತೀರ ಕಡಿಮೆಯಿದ್ದವರಲ್ಲಿ ಸಾವಿನ ಸಂಭವವು, ಹೆಚ್ಚು ಸಂಪರ್ಕವಿದ್ದವರಿಗೆ ಹೋಲಿಸಿದರೆ, ಗಂಡಸರಲ್ಲಿ 2.3 ಪಟ್ಟು, ಹೆಂಗಸರಲ್ಲಿ 2.8 ಪಟ್ಟು ಇತ್ತು. ಧೂಮಪಾನ, ಮದ್ಯಪಾನ, ಬೊಜ್ಜು ಮುಂತಾದವನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಈ ಸಂಬಂಧ ಕಂಡುಬಂದಿತು.

2003ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ 423 ವೃದ್ಧ ದಂಪತಿಗಳನ್ನು ಐದು ವರ್ಷ ಗಮನಿಸಲಾಯಿತು. ನೆಂಟರಿಗೆ, ನೆರೆಹೊರೆಯವರಿಗೆ ನೆರವು ನೀಡುತ್ತಿದ್ದವರಲ್ಲಿ ಸಾವಿನ ಪ್ರಮಾಣ ಕಡಿಮೆಯಿತ್ತು. ನೆರವು ಪಡೆಯುವುದರಿಂದ ಮಾತ್ರ ಇಂತಹ ಲಾಭ ಕಂಡುಬರಲಿಲ್ಲ.

ರೈತ ಕುಟುಂಬಗಳು ಗಮನಿಸಬೇಕಾದ ಅಂಶ ಇದೇ. ಜಮೀನಿನ ಹೊಣೆ ಮಗನ ಕೈಗೆ ಬಂದ ಮೇಲೆ ತಂದೆಯನ್ನು ಯಾರೂ ಏನೂ ಕೇಳುವುದಿಲ್ಲ. ಸೊಸೆ ಅಡುಗೆಮನೆ ವಹಿಸಿಕೊಂಡ ಮೇಲೆ ಅತ್ತೆಯ ಪಾಡೂ ಅದೇ. "ಸುಮ್ಮನೆ ಕೂತಿರಿ" ಎಂಬ ಮಾತು ಪ್ರೀತಿಯದೇ ಆದರೂ, ತಾವು ಬೇಡವಾದೆವೆಂಬ ಕೊರಗನ್ನು ಅವರಲ್ಲಿ ಉಂಟುಮಾಡಬಹುದು.

ಅನುಸರಿಸಬೇಕಾದ ಕ್ರಮಗಳು

1. ಬಿತ್ತನೆ ಬೀಜದ ಆಯ್ಕೆ, ರಾಸುಗಳ ಆರೈಕೆ, ಕೈತೋಟ ಮುಂತಾದ ಕೆಲಸಗಳನ್ನು ಅವರ ಶಕ್ತಿಗೆ ತಕ್ಕಂತೆ, ಇಷ್ಟವಿದ್ದಲ್ಲಿ ವಹಿಸಬೇಕು. ಬೇಸಾಯದ ವಿಷಯಗಳಲ್ಲಿ ಸಲಹೆ ಕೇಳಬೇಕು.

2. ದಿನಕ್ಕೆ ಒಂದು ಹೊತ್ತಾದರೂ ಮನೆಮಂದಿಯೆಲ್ಲ ಅವರೊಡನೆ ಕುಳಿತು ಊಟ ಮಾಡಬೇಕು.

3. ಕಿವಿ ಮಂದವಾದವರು ಕ್ರಮೇಣ ಮಾತುಕತೆಯಿಂದ ದೂರ ಸರಿಯುತ್ತಾರೆ. ಆದ್ದರಿಂದ ಕಣ್ಣು, ಕಿವಿಗಳ ತಪಾಸಣೆ ಮಾಡಿಸಬೇಕು.

4. ಅರಳಿಕಟ್ಟೆ, ಸಂತೆ, ಹಾಲಿನ ಸಂಘ, ಭಜನೆಗಳಿಗೆ ಹೋಗಿಬರಲು ಅನುಕೂಲ ಮಾಡಿಕೊಡಬೇಕು. ಮನೆಯಲ್ಲೇ ಉಳಿಯುವ ವೃದ್ಧ ಹೆಂಗಸರ ಬಗ್ಗೆ ವಿಶೇಷ ಗಮನ ಅಗತ್ಯ.

5. ಪಟ್ಟಣದಲ್ಲಿರುವ ಮಕ್ಕಳು ವಾರದಲ್ಲಿ ಗೊತ್ತಾದ ದಿನ ತಪ್ಪದೆ ಫೋನ್ ಮಾಡಬೇಕು.

ಊಟ ಸೇರದಿರುವುದು, ನಿದ್ರೆ ಬಾರದಿರುವುದು, ಮಾತು ಕಡಿಮೆಯಾಗುವುದು ಕಂಡುಬಂದರೆ ವಯಸ್ಸಿನ ಗುಣವೆಂದು ಅಲಕ್ಷಿಸದೆ ವೈದ್ಯರಿಗೆ ತೋರಿಸಬೇಕು. ಹಿರಿಯ ನಾಗರಿಕರ ಸಹಾಯವಾಣಿ 14567ರಲ್ಲಿಯೂ ಮಾಹಿತಿ ಪಡೆಯಬಹುದು.

ಈ ಕ್ರಮಗಳಿಗೆ ಹೆಚ್ಚಿನ ಖರ್ಚಿಲ್ಲ. ಗ್ರಾಮಗಳ ಯುವಕ ಸಂಘ, ಮಹಿಳಾ ಸಂಘಗಳ ಸಭೆಗಳಲ್ಲಿ ವಿಸ್ತರಣಾ ಕಾರ್ಯಕರ್ತರು ಈ ವಿಷಯವನ್ನು ಚರ್ಚೆಗೆ ತಂದರೆ ಅನೇಕ ಹಿರಿಯ ಜೀವಗಳಿಗೆ ಉಪಕಾರವಾದೀತು.