ಗರ್ಭಕೋಶದ ಗಡ್ಡೆಯೂ ಶಸ್ತ್ರಚಿಕಿತ್ಸೆಯೂ

ಗರ್ಭಕೋಶದಲ್ಲಿ ಗಡ್ಡೆಯಿದೆಯೆಂದು ವೈದ್ಯರು ಹೇಳಿದೊಡನೆ ಮನೆಯವರೆಲ್ಲ ಗಾಬರಿಗೊಂಡು, ‘ಹೇಗೂ ಮಕ್ಕಳಾಗಿವೆಯಲ್ಲ, ತೆಗೆಸಿಬಿಡೋಣ’ ಎನ್ನುವುದುಂಟು. ಆತುರಪಡುವ ಮುನ್ನ ಆ ಗಡ್ಡೆಯ ಸ್ವರೂಪವನ್ನು ತಿಳಿಯುವುದು ಮೇಲು.

ಫೈಬ್ರಾಯ್ಡ್ ಎಂಬ ಈ ಗಡ್ಡೆ ಗರ್ಭಕೋಶದ ಸ್ನಾಯುವಿನಿಂದಲೇ ಬೆಳೆಯುತ್ತದೆ. ಇದು ಕ್ಯಾನ್ಸರ್ ಅಲ್ಲ. ಸ್ತ್ರೀಹಾರ್ಮೋನುಗಳೇ ಇದಕ್ಕೆ ಪೋಷಣೆಯಾದುದರಿಂದ ಮುಟ್ಟು ನಿಂತ ಮೇಲೆ ಸಾಮಾನ್ಯವಾಗಿ ಕುಗ್ಗುತ್ತದೆ. ಮುಟ್ಟು ನಿಂತ ಬಳಿಕವೂ ರಕ್ತ ಕಂಡರೆ ಮಾತ್ರ ತಡಮಾಡದೆ ವೈದ್ಯರಿಗೆ ತೋರಿಸಬೇಕು. ಹಲವರಿಗೆ ಗಡ್ಡೆಯಿಂದ ಯಾವ ತೊಂದರೆಯೂ ಇರದು. ಅಂಥವರು ಆಗಾಗ್ಗೆ ಪರೀಕ್ಷೆ ಮಾಡಿಸಿಕೊಂಡರೆ ಸಾಕು.

ಆದ್ದರಿಂದ ಗಡ್ಡೆ ಎಷ್ಟು ಬಾಧಿಸುತ್ತಿದೆ ಎಂಬುದೇ ನಿರ್ಣಯಕ್ಕೆ ಆಧಾರ. ಅತಿಸ್ರಾವದಿಂದ ರಕ್ತಹೀನತೆಯುಂಟಾಗಿ ಮೆಟ್ಟಿಲು ಹತ್ತಲೂ ಏದುಸಿರು ಬರುವವರಿಗೆ, ಮೂತ್ರಕೋಶದ ಮೇಲೆ ಒತ್ತಡ ಬಿದ್ದವರಿಗೆ ಚಿಕಿತ್ಸೆ ಬೇಕೇ ಬೇಕು. ಅದರಲ್ಲಿಯೂ ಬಗೆಗಳಿವೆ. ಸ್ರಾವ ತಗ್ಗಿಸುವ ಮಾತ್ರೆಗಳುಂಟು. ಮಕ್ಕಳನ್ನು ಬಯಸುವವರಿಗೆ ಗಡ್ಡೆಯನ್ನಷ್ಟೇ ತೆಗೆಯಬಹುದು. ಆದರೆ ಹೊಸ ಗಡ್ಡೆ ಬೆಳೆದೀತು. ಗಡ್ಡೆಗೆ ರಕ್ತವೊದಗಿಸುವ ನಾಳವನ್ನು ಮುಚ್ಚುವ ವಿಧಾನವೂ ಇದೆ. ಗರ್ಭಕೋಶವನ್ನೇ ತೆಗೆದರೆ ಗಡ್ಡೆ ಮರಳದು. ಗರ್ಭಧಾರಣೆಯ ಆಸೆಯೂ ಅಲ್ಲಿಗೆ ಮುಗಿಯಿತು. ಮುಟ್ಟು ನಿಲ್ಲುವ ವಯಸ್ಸಿಗೆ ಮುನ್ನ ಅಂಡಾಶಯಗಳನ್ನೂ ತೆಗೆದರೆ ಎಲುಬಿಗೂ ಹೃದಯಕ್ಕೂ ಕೇಡಾಗಬಹುದು. ಅವುಗಳನ್ನು ಉಳಿಸುವಿರಾ ಎಂದು ಮೊದಲೇ ಕೇಳಬೇಕು.

ಅನಗತ್ಯವಾಗಿ ಗರ್ಭಕೋಶ ತೆಗೆದ ಪ್ರಕರಣಗಳನ್ನು ಕುರಿತು 2023ರಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯವು, ಕೇಂದ್ರದ ಮಾರ್ಗಸೂಚಿಗಳನ್ನು ಜಾರಿಗೆ ತರುವಂತೆ ರಾಜ್ಯಗಳಿಗೆ ಆದೇಶಿಸಿತು. ಇನ್ನೊಬ್ಬ ವೈದ್ಯರ ಅಭಿಪ್ರಾಯ ಕೇಳುವುದರಿಂದ ಮೊದಲಿನವರಿಗೆ ಅವಮಾನವೇನಿಲ್ಲ. ಮನೆಯವರು ಸಲಹೆ ನೀಡಲಿ. ನೋವುಣ್ಣುವವಳು ಆಕೆಯಾದುದರಿಂದ ಕೊನೆಯ ಮಾತು ಆಕೆಯದೇ ಆಗಿರಲಿ.