ಮೀನಿನ ಬಾಯಿಂದ ಕೋಲಿನ ಹಿಡಿಯವರೆಗೆ

ಗಾಳ ಹಾಕುವ ಆಸೆ ಹುಟ್ಟಿದವರು ಅಂಗಡಿಗೆ ಹೋದ ಕೂಡಲೇ ಕೈಹಾಕುವುದು ಕೋಲಿಗೆ. ಗೋಡೆಗೆ ಒರಗಿಸಿಟ್ಟ ಹೊಳೆಯುವ ಕೋಲುಗಳಲ್ಲಿ ಒಂದನ್ನು ಎತ್ತಿ, ಬಾಗಿಸಿ ನೋಡಿ, ಬೆಲೆ ಕೇಳುತ್ತಾರೆ. ಅದಕ್ಕೆ ಹೊಂದುವ ರೀಲನ್ನು ಆರಿಸುತ್ತಾರೆ. ದಾರ, ಗಾಳಗಳ ವಿಚಾರ ಬರುವ ಹೊತ್ತಿಗೆ ತಂದ ಹಣ ಮುಗಿದಿರುತ್ತದೆ. ಅಂಗಡಿಯವರು ಕೊಟ್ಟ ಯಾವುದೋ ಪೊಟ್ಟಣವನ್ನು ಚೀಲಕ್ಕೆ ಹಾಕಿಕೊಂಡು ಕೆರೆಯ ದಾರಿ ಹಿಡಿಯುತ್ತಾರೆ. ಆದರೆ ಮೀನು ಆ ಕೋಲನ್ನು ನೋಡುವುದೇ ಇಲ್ಲ. ಅದಕ್ಕೆ ಎದುರಾಗುವುದು ಎರೆ, ಎರೆಯೊಳಗಿನ ಗಾಳ, ಗಾಳಕ್ಕೆ ಕಟ್ಟಿದ ಒಂದೆರಡು ಅಡಿ ದಾರ, ಅಷ್ಟೇ. ಹಾಗಾಗಿ ಹೊಸಬರು ಸಲಕರಣೆ ಆರಿಸಬೇಕಾದ ಕ್ರಮ ಇದಕ್ಕೆ ತದ್ವಿರುದ್ಧ. ಮೊದಲು ಮೀನು ಯಾವುದೆಂದು ತಿಳಿಯಬೇಕು, ಆಮೇಲೆ ಅದರ ಮೇವು, ಮೇವಿಗೆ ತಕ್ಕ ಗಾಳ, ಗಾಳಕ್ಕೆ ತಕ್ಕ ದಾರ. ಕೋಲು, ರೀಲು ಎಲ್ಲಕ್ಕಿಂತ ಕೊನೆಗೆ.

ಮೀನಿನಿಂದ ಶುರುಮಾಡುವ ಈ ಯೋಚನೆ ನಮ್ಮ ನೆಲಕ್ಕೆ ಹಳೆಯದು. ಈಗಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದ ಎಂಬ ಭಾಗವೇ ಇದೆ. ಗಾಳ ಹಾಕುವುದನ್ನು ಅರಸನ ವಿನೋದಗಳಲ್ಲಿ ಒಂದೆಂದು ಎಣಿಸಿರುವ ಆ ಭಾಗದಲ್ಲಿ ಮೀನಿನ ಬಗೆಗಳು, ಯಾವುದಕ್ಕೆ ಎಂಥ ಮೇವು ಎಂಬ ವಿವರ, ಕೋಲು ಮತ್ತು ದಾರದ ಮಾತು ಎಲ್ಲವೂ ಬರುತ್ತವೆ. ಮೀನುವಿಜ್ಞಾನಿ ಸುಂದರಲಾಲ್ ಹೋರಾ 1951ರಲ್ಲಿ ಇದರ ಬಗ್ಗೆ ಲೇಖನ ಬರೆದು ವಿದ್ವಾಂಸರ ಗಮನಕ್ಕೆ ತಂದರು. ದಕ್ಷಿಣ ಕನ್ನಡದಲ್ಲಿ ಕಲೆಕ್ಟರ್ ಆಗಿದ್ದ ಹೆನ್ರಿ ಸಲಿವನ್ ಥಾಮಸ್ ಬರೆದ ‘ದಿ ರಾಡ್ ಇನ್ ಇಂಡಿಯಾ’ 1873ರಲ್ಲಿ ಮಂಗಳೂರಿನಲ್ಲೇ ಅಚ್ಚಾಯಿತು. ಭಾರತದ ಹೊಳೆಗಳಲ್ಲಿ ಗಾಳ ಹಾಕುವವರಿಗೆ ಅದು ಬಹುಕಾಲ ಕೈಪಿಡಿಯಾಗಿತ್ತು. ಇನ್ನು ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿಯವರ ಗಾಳದ ಒಲವನ್ನು ಕನ್ನಡ ಓದುಗರಿಗೆ ಹೊಸದಾಗಿ ಹೇಳಬೇಕಿಲ್ಲ.

ಹೊಸಬರಿಗೆ ಮೊದಲ ಮೀನು ಯಾವುದಾಗಬೇಕು? ನನ್ನ ಮಟ್ಟಿಗೆ ಉತ್ತರ ಸ್ಪಷ್ಟ: ಜಿಲೇಬಿ. 1952ರಲ್ಲಿ ಭಾರತಕ್ಕೆ ತಂದ ತಿಲಾಪಿಯಾ ಜಾತಿಯ ಈ ಮೀನು ಇಂದು ಬಯಲುಸೀಮೆಯ ಎಷ್ಟೋ ಕೆರೆಗಳನ್ನು ತುಂಬಿಕೊಂಡಿದೆ. ಸ್ಥಳೀಯ ಮೀನುಗಳ ಜಾಗವನ್ನೂ ಮೇವನ್ನೂ ಕಿತ್ತುಕೊಳ್ಳುವ ಹೊರಗಿನ ತಳಿಯಾದ್ದರಿಂದ ನಾಲ್ಕು ಹಿಡಿದು ಮನೆಗೆ ಒಯ್ದರೆ ಕೆರೆಗೆ ನಷ್ಟವಿಲ್ಲ. ದಡದ ಹತ್ತಿರದ ಆಳವಿಲ್ಲದ ನೀರಿನಲ್ಲೇ ಓಡಾಡುವುದರಿಂದ ದೂರ ಎಸೆಯುವ ವಿದ್ಯೆಯೂ ಬೇಕಾಗುವುದಿಲ್ಲ. ಎರೆಹುಳು ತಿನ್ನುತ್ತದೆ, ಮೈದಾ ಹಿಟ್ಟಿನ ಸಣ್ಣ ಉಂಡೆಯನ್ನೂ ತಿನ್ನುತ್ತದೆ. ಬೆನ್ನಿನ ಮೇಲಿನ ಮುಳ್ಳುಗಳು ಕೈಗೆ ಚುಚ್ಚುತ್ತವೆ ಎಂಬುದೊಂದೇ ಎಚ್ಚರಿಕೆ. ತಲೆಯ ಕಡೆಯಿಂದ ಅಂಗೈ ಜಾರಿಸಿ ಮುಳ್ಳುಗಳನ್ನು ಹಿಂದಕ್ಕೆ ಮಡಚಿ ಹಿಡಿದರೆ ತೊಂದರೆಯಿಲ್ಲ.

ಬೇರೆ ಮೀನಾದರೆ ಅದರ ಬಾಯಿಯನ್ನು ನೋಡಿ. ಕಾಟ್ಲಾದ ಬಾಯಿ ಮೇಲ್ಮುಖ, ಅದು ಮೇಲ್ಪದರದಲ್ಲಿ ಮೇಯುತ್ತದೆ. ಮೃಗಾಲ್‌ನದು ಕೆಳಮುಖ, ಅದು ತಳದ ಕೆಸರಿನಲ್ಲಿ ಹುಡುಕುತ್ತದೆ. ರೋಹು ಸಾಮಾನ್ಯವಾಗಿ ನಡುನೀರಿನದು. ಸಾಮಾನ್ಯ ಗೆಂಡೆ ತಳ ಕೆದಕುವ ಮೀನು. ಎರೆಯನ್ನು ಯಾವ ಆಳದಲ್ಲಿ ಇಡಬೇಕು ಎಂಬ ಪ್ರಶ್ನೆಗೆ ಮೀನಿನ ಮುಖವೇ ಉತ್ತರ ಕೊಡುತ್ತದೆ. ಬೆಂಡು ಬೇಕೇ, ತಳಕ್ಕೆ ಇಳಿಸುವ ಸೀಸ ಬೇಕೇ ಎಂಬುದು ಅಲ್ಲಿಂದಲೇ ತೀರ್ಮಾನವಾಗುತ್ತದೆ.

ಈಗ ಗಾಳ. ಇಡೀ ಸಲಕರಣೆಯಲ್ಲಿ ಅತಿ ಅಗ್ಗದ ವಸ್ತು ಇದು, ಒಳ್ಳೆಯದನ್ನೇ ಕೊಳ್ಳಬೇಕಾದ ವಸ್ತುವೂ ಇದೇ. ಗಾಳದ ಸಂಖ್ಯೆಗಳು ಹೊಸಬರನ್ನು ಗೊಂದಲಗೊಳಿಸುತ್ತವೆ. 12, 10, 8, 6 ಎಂದು ಸಂಖ್ಯೆ ಇಳಿದಂತೆಲ್ಲ ಗಾಳ ದೊಡ್ಡದಾಗುತ್ತದೆ. 1 ದಾಟಿದ ಮೇಲೆ 1/0, 2/0, 3/0 ಎಂದು ಏರುತ್ತ ಹೋಗುತ್ತದೆ, ಅಲ್ಲಿ ಸಂಖ್ಯೆ ಹೆಚ್ಚಿದಂತೆ ಗಾತ್ರವೂ ಹೆಚ್ಚು. ಜಿಲೇಬಿಯ ಬಾಯಿ ಚಿಕ್ಕದು, ಅದಕ್ಕೆ 8 ಅಥವಾ 10ನೇ ಸಂಖ್ಯೆ ಸಾಕು. ಹಳ್ಳದ ಸಣ್ಣ ಮೀನುಗಳಿಗೆ 12. ಅರ್ಧ ಕಿಲೋ ದಾಟಿದ ಗೆಂಡೆಗೆ 6. ಅಗಲ ಬಾಯಿಯ ಕೊರವ ಮೀನಿಗೆ 1/0ರಿಂದ ಮೇಲೆ. ಹೊಸಬರಲ್ಲಿ ಹೆಚ್ಚಿನವರು ದೊಡ್ಡ ಗಾಳವನ್ನೇ ಆರಿಸುತ್ತಾರೆ, ದೊಡ್ಡ ಮೀನು ಸಿಕ್ಕರೆ ಇರಲಿ ಎಂದು. ದೊಡ್ಡ ಗಾಳದಲ್ಲಿ ಸಣ್ಣ ಬಾಯಿಯ ಮೀನು ಎರೆಯನ್ನಷ್ಟೇ ಕಚ್ಚಿ ತಿಂದು ಹೋಗುತ್ತದೆ. ಸಣ್ಣ ಗಾಳದಲ್ಲಿ ದೊಡ್ಡ ಮೀನು ಬರಬಲ್ಲದು. ಸಂದೇಹವಿದ್ದರೆ ಚಿಕ್ಕದನ್ನೇ ಕಟ್ಟಿ.

ಮೊನಚನ್ನು ಹೆಬ್ಬೆರಳಿನ ಉಗುರಿನ ಮೇಲೆ ಪರೀಕ್ಷಿಸಬಹುದು. ತುದಿಯನ್ನು ಉಗುರಿನ ಮೇಲೆ ಹಗುರವಾಗಿ ಎಳೆದಾಗ ಸಿಕ್ಕಿಕೊಂಡು ಗೀರು ಬಿದ್ದರೆ ಅದು ಚೂಪಾಗಿದೆ, ಜಾರಿಹೋದರೆ ಮೊಂಡು. ನಾರ್ವೆಯ ಮುಸ್ತಾದ್ ಕಂಪನಿ 1877ರಿಂದ ಗಾಳ ತಯಾರಿಸುತ್ತಿದೆ. ಆ ಹೆಸರಿನವು ಕರಾವಳಿಯ ಸಣ್ಣಪುಟ್ಟ ಅಂಗಡಿಗಳಲ್ಲೂ ಸಿಗುತ್ತವೆ. ಯಾವ ಕಂಪನಿಯದಾದರೂ ಸರಿ, ದಾರ ಪೋಣಿಸುವ ಕಣ್ಣು ಪೂರ್ತಿ ಮುಚ್ಚಿಕೊಂಡಿದೆಯೇ ಎಂದು ನೋಡಿ. ಕಣ್ಣಿಲ್ಲದೆ ತುದಿ ಚಪ್ಪಟೆಯಾದ ಗಾಳಗಳೂ ಇವೆ, ಅವನ್ನು ಕಟ್ಟುವ ಗಂಟು ಬೇರೆ. ಮೊದಲಿಗೆ ಕಣ್ಣಿರುವುದೇ ಇರಲಿ.

ಗಾಳದ ತುದಿಯ ಒಳಬದಿಯಲ್ಲಿ ಹಿಮ್ಮುಖವಾದ ಒಂದು ಸಣ್ಣ ಮುಳ್ಳಿರುತ್ತದೆ. ಮೀನು ಜಾರದಿರಲು ಮಾಡಿದ್ದು ಅದು. ಬಿಟ್ಟುಬಿಡಬೇಕಾದ ಮೀನಿನ ಬಾಯಿ ಹರಿಯುವುದೂ, ನಮ್ಮ ಬೆರಳಿಗೆ ಹೊಕ್ಕಾಗ ಆಸ್ಪತ್ರೆಗೆ ಓಡಿಸುವುದೂ ಅದೇ ಮುಳ್ಳು. ಇಕ್ಕಳದಿಂದ ಒತ್ತಿ ಅದನ್ನು ಚಪ್ಪಟೆ ಮಾಡಿಕೊಳ್ಳಿ ಎಂದು ಹೊಸಬರಿಗೆ ನಾನು ಒತ್ತಾಯದಿಂದಲೇ ಹೇಳುತ್ತೇನೆ. ದಾರವನ್ನು ಸಡಿಲ ಬಿಡದಿದ್ದರೆ ಮುಳ್ಳಿಲ್ಲದ ಗಾಳದಿಂದ ಮೀನು ಸುಲಭವಾಗಿ ಕಳಚಿಕೊಳ್ಳುವುದಿಲ್ಲ. ದಾರವನ್ನು ಸದಾ ಬಿಗಿಯಾಗಿಡುವ ಅಭ್ಯಾಸವನ್ನು ಅದು ಮೊದಲ ದಿನದಿಂದಲೇ ಕಲಿಸುತ್ತದೆ.

ಗಾಳದ ಬೆನ್ನಿಗೆ ದಾರ. ನಮ್ಮ ಅಂಗಡಿಗಳಲ್ಲಿ ತಂಗೂಸಿ ಎಂದು ಕೇಳಿದರೆ ಸಿಗುವ ಒಂಟಿ ಎಳೆಯ ನೈಲಾನ್ ದಾರವೇ ಹೊಸಬರಿಗೆ ಸರಿಯಾದದ್ದು. ನೈಲಾನನ್ನು ಜಗತ್ತಿಗೆ ಪ್ರಕಟಿಸಿದ್ದು 1938ರಲ್ಲಿ. ಅದಕ್ಕೆ ಮುಂಚೆ ರೇಷ್ಮೆ, ಹತ್ತಿ, ನಾರು, ಕುದುರೆಯ ಬಾಲದ ಕೂದಲು ಇವುಗಳಿಂದ ಕೆಲಸ ನಡೆಯುತ್ತಿತ್ತು. ಹೆಣೆದ ಬ್ರೇಡ್ ದಾರ ಇದಕ್ಕಿಂತ ತೆಳ್ಳಗೆ, ಇದಕ್ಕಿಂತ ಗಟ್ಟಿ, ನಿಜ. ಆದರೆ ಅದು ಹಿಗ್ಗುವುದಿಲ್ಲ. ಮೀನು ತಟ್ಟನೆ ಜಗ್ಗಿದಾಗ ತಂಗೂಸಿ ಸ್ವಲ್ಪ ಹಿಗ್ಗಿ ಆ ಪೆಟ್ಟನ್ನು ತಾನೇ ತಡೆದುಕೊಳ್ಳುತ್ತದೆ, ಹೊಸ ಕೈಯ ಒರಟುತನವನ್ನೂ ಸಹಿಸುತ್ತದೆ. 0.25ರಿಂದ 0.30 ಮಿಲಿಮೀಟರ್ ದಪ್ಪದ ದಾರ ಕೆರೆಯ ಮೀನುಗಳಿಗೆ ಧಾರಾಳವಾಯಿತು.

ದಾರ ತುಂಡಾಗುವುದು ಹೆಚ್ಚಾಗಿ ಗಂಟಿನ ಹತ್ತಿರ. ಒಂದು ಗಂಟು ಚೆನ್ನಾಗಿ ಬಂದರೆ ಸಾಕು. ದಾರದ ತುದಿಯನ್ನು ಗಾಳದ ಕಣ್ಣಿನಲ್ಲಿ ತೂರಿಸಿ, ಉದ್ದದ ದಾರದ ಸುತ್ತ ಐದಾರು ಸುತ್ತು ಸುತ್ತಿ, ಕಣ್ಣಿನ ಪಕ್ಕದಲ್ಲಿ ಉಳಿದ ಸಣ್ಣ ಕುಣಿಕೆಯೊಳಗೆ ತೂರಿಸಿ, ಆಗ ಉಂಟಾಗುವ ದೊಡ್ಡ ಕುಣಿಕೆಯೊಳಗೂ ತೂರಿಸಬೇಕು. ಎಳೆಯುವ ಮುಂಚೆ ನೀರಿನಿಂದಲೋ ಎಂಜಲಿನಿಂದಲೋ ಒದ್ದೆ ಮಾಡಬೇಕು. ಒಣ ತಂಗೂಸಿಯನ್ನು ಬಿಗಿದರೆ ಉಜ್ಜಿದ ಬಿಸಿಗೆ ಎಳೆ ದುರ್ಬಲವಾಗುತ್ತದೆ, ಕಣ್ಣಿಗೆ ಅದು ಕಾಣುವುದೂ ಇಲ್ಲ. ಮನೆಯಲ್ಲಿ ಕುಳಿತು ಕಣ್ಣುಮುಚ್ಚಿ ಕಟ್ಟುವಷ್ಟು ರೂಢಿಯಾಗಲಿ. ಸಂಜೆಯ ಮಬ್ಬಿನಲ್ಲಿ ಕಟ್ಟಬೇಕಾಗಿ ಬರುತ್ತದೆ.

ಬೆಂಡು, ಸೀಸ ಎರಡೂ ಸಣ್ಣ ಸಾಮಾನುಗಳು. ಜೋಳದ ದಂಟಿನ ಬೆಂಡಾದರೂ ಆದೀತು, ನವಿಲುಗರಿಯ ದಂಟು ಇನ್ನೂ ಸೂಕ್ಷ್ಮ. ಬೆಂಡಿನ ತುದಿ ಮಾತ್ರ ನೀರಿನ ಮೇಲೆ ಕಾಣುವಷ್ಟು ಸೀಸ ಸೇರಿಸಿ. ಪೂರ್ತಿ ತೇಲುವ ಬೆಂಡನ್ನು ಮುಳುಗಿಸುವಾಗ ಮೀನಿಗೆ ಅದರ ಎಳೆತ ತಿಳಿದುಬಿಡುತ್ತದೆ. ಸೀಸ ವಿಷ. ನೀರಹಕ್ಕಿಗಳು ಕಲ್ಲಿನ ಹರಳೆಂದು ನುಂಗಿ ಸಾಯುತ್ತವೆ. ಹಂಸಗಳು ಹಾಗೆ ಸಾಯುತ್ತಿದ್ದುದನ್ನು ಕಂಡೇ ಬ್ರಿಟನ್ 1987ರಲ್ಲಿ ಗಾಳದ ಸಣ್ಣ ಸೀಸಗಳನ್ನು ನಿಷೇಧಿಸಿತು. ಹಲ್ಲಿನಲ್ಲಿ ಕಚ್ಚಿ ಬಿಗಿಯುವ ಅಭ್ಯಾಸವಂತೂ ಬೇಡವೇ ಬೇಡ. ಸಣ್ಣ ಕಬ್ಬಿಣದ ನಟ್ಟು ಕಟ್ಟಿದರೂ ಕೆಲಸ ನಡೆಯುತ್ತದೆ.

ಇಷ್ಟು ಕೈಯಲ್ಲಿದ್ದರೆ ಕೋಲಿಗೆ ಹಣವೇ ಬೇಡ. ಹತ್ತು ಹನ್ನೆರಡು ಅಡಿಯ ಬಿದಿರು ಸಾಕು. ಬಯಲುಸೀಮೆಯಲ್ಲಿ ಒಳಗೆ ಗಟ್ಟಿಯಾಗಿರುವ ಗಂಡುಬಿದಿರು, ಮಲೆನಾಡಿನಲ್ಲಿ ಹಗುರವಾದ ವಾಟೆ. ಬಲಿತದ್ದನ್ನು ಕಡಿದು, ನೆರಳಿನಲ್ಲಿ ಒಣಗಿಸಿ, ಡೊಂಕಿದ್ದ ಕಡೆ ಸಣ್ಣ ಉರಿಗೆ ಹಿಡಿದು ನೇರಮಾಡಿಕೊಳ್ಳಬೇಕು. ದಾರವನ್ನು ತುದಿಗೆ ಮಾತ್ರ ಕಟ್ಟದೆ ಕೋಲಿನುದ್ದಕ್ಕೂ ಸುತ್ತಿ ಹಿಡಿಯ ಹತ್ತಿರ ಬಿಗಿದರೆ, ತುದಿ ಮುರಿದರೂ ಮೀನು ದಾರದಲ್ಲೇ ಉಳಿಯುತ್ತದೆ. ಬೆಂಡಿನ ಸಣ್ಣ ಮಿಡಿತವನ್ನು ಓದುವುದು, ಯಾವಾಗ ಎತ್ತಬೇಕೆಂದು ತಿಳಿಯುವುದು, ಇವೆರಡನ್ನೂ ಬಿದಿರಿನ ಕೋಲಿನಷ್ಟು ಚೆನ್ನಾಗಿ ರೀಲಿನ ಕೋಲು ಕಲಿಸಲಾರದು. ಮಕ್ಕಳ ಕೈಗಂತೂ ಇದನ್ನೇ ಕೊಡಿ.

ರೀಲು ಬೇಕೇ ಬೇಕೆನ್ನುವವರು ಏಳು ಅಡಿಯ, ಎರಡು ತುಂಡಿನ, ಮಧ್ಯಮ ಬಲದ ಗ್ಲಾಸ್ ಫೈಬರ್ ಕೋಲು ನೋಡಲಿ. ಕಾರ್ಬನ್ ಕೋಲು ಹಗುರ, ಆದರೆ ಪೆಟ್ಟು ತಿಂದರೆ ಸೀಳುತ್ತದೆ. ಮೇಲಾಗಿ ಅದು ವಿದ್ಯುತ್ ಹರಿಯಬಿಡುತ್ತದೆ. ಕೆರೆ ಏರಿಯ ಮೇಲೆ ತಂತಿ ಹಾದುಹೋಗಿರುವ ಊರುಗಳಲ್ಲಿ, ಗುಡುಗಿನ ದಿನಗಳಲ್ಲಿ ಇದು ಪ್ರಾಣದ ವಿಷಯ. ಕೋಲಿಗೆ 2500 ಅಥವಾ 3000 ಗಾತ್ರದ ಸ್ಪಿನ್ನಿಂಗ್ ರೀಲು ಹೊಂದುತ್ತದೆ. ದಾರ ಸುತ್ತಿದ ಉರುಳೆ ತಿರುಗದೆ ನಿಂತೇ ಇದ್ದು ದಾರ ತಾನಾಗಿ ಬಿಚ್ಚಿಕೊಳ್ಳುವ ಈ ಬಗೆಯ ರೀಲಿಗೆ 1905ರಲ್ಲಿ ಪೇಟೆಂಟ್ ಪಡೆದವನು ಇಂಗ್ಲೆಂಡಿನ ಬಟ್ಟೆ ಗಿರಣಿಯ ಆಲ್ಫ್ರೆಡ್ ಇಲ್ಲಿಂಗ್‌ವರ್ತ್. ಗಿರಣಿಯ ಕದಿರಿನಿಂದ ನೂಲು ಬಿಚ್ಚಿಕೊಳ್ಳುವುದನ್ನು ಕಂಡು ಅವನಿಗೆ ಹೊಳೆದ ಉಪಾಯವದು. ಉರುಳೆಯ ಅಂಚಿನಿಂದ ಎರಡು ಮೂರು ಮಿಲಿಮೀಟರ್ ಕೆಳಗಿನವರೆಗೆ ದಾರ ತುಂಬಿ. ಅದಕ್ಕಿಂತ ಹೆಚ್ಚಾದರೆ ಗೋಜಲು, ಕಡಿಮೆಯಾದರೆ ಎಸೆತ ದೂರ ಹೋಗದು.

ರೀಲಿನಲ್ಲಿ ನಿಜವಾಗಿ ನೋಡಬೇಕಾದದ್ದು ಬೇರಿಂಗುಗಳ ಸಂಖ್ಯೆಯಲ್ಲ, ಡ್ರ್ಯಾಗು. ಮೀನು ಜೋರಾಗಿ ಎಳೆದಾಗ ದಾರ ಹರಿಯುವ ಮುಂಚೆ ರೀಲೇ ದಾರ ಬಿಟ್ಟುಕೊಡುವಂತೆ ಮಾಡುವ ಬಿಗಿ ಅದು. ಅಂಗಡಿಯಲ್ಲೇ ದಾರ ಹಿಡಿದು ನಿಧಾನ ಎಳೆದು ನೋಡಿ. ಎಳೆತ ಒಂದೇ ಸಮನಾಗಿ ಬರಬೇಕು, ತಡೆತಡೆದು ಜರ್ಕು ಹೊಡೆಯಬಾರದು. ದಾರದ ಬಲದ ಕಾಲುಭಾಗದಿಂದ ಮೂರನೇ ಒಂದು ಭಾಗದೊಳಗೆ ಬಿಗಿ ಇಟ್ಟುಕೊಳ್ಳುವುದು ರೂಢಿ. ಐದು ಕಿಲೋ ತಡೆಯುವ ದಾರವಾದರೆ ಸ್ಪ್ರಿಂಗ್ ತಕ್ಕಡಿಗೆ ಕಟ್ಟಿ ಎಳೆದಾಗ ಒಂದೂಕಾಲು, ಒಂದೂವರೆ ಕಿಲೋಗೆ ರೀಲು ದಾರ ಬಿಡಬೇಕು. ತಕ್ಕಡಿ ಇಟ್ಟು ಇದನ್ನು ಒಮ್ಮೆ ಮಾಡಿದವರಿಗೆ ಮುಂದೆ ಕೈಯೇ ಅಂದಾಜು ಹೇಳುತ್ತದೆ. ಕೋಲು, ರೀಲು ಜೋಡಿ ಎರಡು ಮೂರು ಸಾವಿರ ರೂಪಾಯಿಯೊಳಗೆ ಸಿಗುತ್ತದೆ. ಮೊದಲ ವರ್ಷಕ್ಕೆ ಅದಕ್ಕಿಂತ ಹೆಚ್ಚು ಖರ್ಚು ಬೇಡ.

ಕಾವೇರಿಯ ಮಹಶೀರ್ ಹೆಸರು ಕೇಳಿಯೇ ಗಾಳದ ಆಸೆ ಹುಟ್ಟಿದವರು ಬಹಳ. ಮೈಸೂರಿನ ಡಿ ವೆಟ್ ವ್ಯಾನ್ ಇಂಗೆನ್ 1946ರಲ್ಲಿ ಕಬಿನಿಯಲ್ಲಿ ಹಿಡಿದದ್ದು 120 ಪೌಂಡಿನದು, ಸುಮಾರು 54 ಕಿಲೋ. ಆ ಮೀನಿಗೆ ಹಾಕುತ್ತಿದ್ದ ಎರೆ ಬೇಯಿಸಿದ ರಾಗಿಹಿಟ್ಟಿನ ಉಂಡೆ. ದುಬಾರೆ, ಭೀಮೇಶ್ವರಿ, ಗಾಳಿಬೋರೆಗಳ ಹೆಸರು ಹೊರದೇಶಗಳವರೆಗೆ ಹೋದದ್ದು ಈ ಮೀನಿನಿಂದ. ಆದರೆ ಬೆನ್ನು ಗೂನಾದ ಆ ಕಾವೇರಿ ಮಹಶೀರ್‌ಗೆ ಟಾರ್ ರೆಮಾದೇವಿ ಎಂಬ ವೈಜ್ಞಾನಿಕ ಹೆಸರು ಖಚಿತವಾದದ್ದೇ 2018ರಲ್ಲಿ. ಅಷ್ಟರಲ್ಲಿ ಅದು ಅಳಿವಿನ ಅಂಚಿಗೆ ಬಂದಿತ್ತು, ಈಗ ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿಯಲ್ಲಿದೆ. ಕಾವೇರಿ ವನ್ಯಜೀವಿಧಾಮದೊಳಗಿನ ಗಾಳದ ಶಿಬಿರಗಳು ನಿಂತುಹೋಗಿವೆ. ಹೊಸಬರು ಈ ಮೀನಿನ ಆಸೆಯಿಂದ ಭಾರಿ ಸಲಕರಣೆ ಕೊಳ್ಳುವುದು ಬೇಡ. ಮಹಶೀರ್ ಬಳಗದ ಮೀನು ಕಣ್ತುಂಬ ನೋಡಬೇಕೆಂದರೆ ಶೃಂಗೇರಿಯ ತುಂಗೆ ಇದೆ, ಶಿಶಿಲದ ಕಪಿಲೆ ಇದೆ, ಕಾವೇರಿಯ ರಾಮನಾಥಪುರ ಇದೆ. ದೇವರ ಮೀನೆಂದು ಅಲ್ಲಿ ಯಾರೂ ಗಾಳ ಹಾಕುವುದಿಲ್ಲ.

ಚೀಲದಲ್ಲಿ ಇನ್ನೆರಡು ವಸ್ತು ಇರಲಿ: ಗಾಳ ಬಿಡಿಸಲು ಉದ್ದ ಮೂತಿಯ ಇಕ್ಕಳ, ತುಂಡಾದ ದಾರ ತುಂಬಿ ತರಲು ಒಂದು ಡಬ್ಬಿ. ದಡದಲ್ಲಿ ಬಿಟ್ಟ ತಂಗೂಸಿ ಕೊಳೆಯುವುದಿಲ್ಲ, ಕೊಕ್ಕರೆ ಬೆಳ್ಳಕ್ಕಿಗಳ ಕಾಲಿಗೆ ಸುತ್ತಿಕೊಳ್ಳುತ್ತದೆ. ಬಿಡುವ ಮೀನನ್ನು ಒದ್ದೆ ಕೈಯಲ್ಲೇ ಮುಟ್ಟಿ, ಒಣ ಕೈ ಅದರ ಮೈಯ ಲೋಳೆಯನ್ನು ಕಿತ್ತುಬಿಡುತ್ತದೆ. ಅಳಿವೆಯಲ್ಲಿ ಗಾಳ ಹಾಕಿದ ದಿನ ರೀಲನ್ನು ಸಿಹಿನೀರಿನಲ್ಲಿ ತೊಳೆದು, ಡ್ರ್ಯಾಗು ಸಡಿಲಿಸಿ ಒಣಗಿಸಿ. ಅಣೆಕಟ್ಟೆಯ ಕೆಳಗಿನ ಬಂಡೆಗಳ ಮೇಲೆ ಮಾತ್ರ ಕೂರಬೇಡಿ, ಬಿಸಿಲಿನ ದಿನವೂ ನೀರು ಬಿಟ್ಟಾರು.

ನಮ್ಮ ಕೆರೆಗಳು ಯಾರದೂ ಅಲ್ಲವೆಂಬಂತೆ ಕಂಡರೂ ಮೀನಿನ ಹಕ್ಕು ಸಾಮಾನ್ಯವಾಗಿ ಒಬ್ಬರದಿರುತ್ತದೆ. ಮೀನುಗಾರರ ಸಹಕಾರ ಸಂಘವೋ ಗುತ್ತಿಗೆದಾರರೋ ಹಣ ಕಟ್ಟಿ ಮರಿ ಬಿಟ್ಟಿರುತ್ತಾರೆ. ಒಳನಾಡು ಮೀನುಗಾರಿಕೆಗೆ 1996ರ ರಾಜ್ಯ ಕಾಯ್ದೆಯಿದೆ. ಪರವಾನಗಿಯ ವಿಚಾರವನ್ನು ತಾಲ್ಲೂಕಿನ ಮೀನುಗಾರಿಕೆ ಇಲಾಖೆಯಲ್ಲಿ ಕೇಳಬೇಕು. ಮುಂಗಾರಿನ ಮೊದಲ ನೀರಿಗೆ ಮೀನು ಮೊಟ್ಟೆಯಿಡಲು ಏರುವ ದಿನಗಳಲ್ಲಿ ಗಾಳ ಎತ್ತಿಡಬೇಕು. ಕೆರೆಯವರನ್ನು ಮೊದಲೇ ಕಂಡು ಒಪ್ಪಿಗೆ ಕೇಳಿದರೆ ಇನ್ನೊಂದು ಲಾಭವಿದೆ. ಯಾವ ಮರಿ ಬಿಟ್ಟಿದ್ದಾರೆ, ಎಷ್ಟು ಬೆಳೆದಿವೆ, ಯಾವ ಮೂಲೆಯಲ್ಲಿ ಆಳ, ಎಲ್ಲಿ ಮುಳ್ಳುಗಿಡ ಮುಳುಗಿದೆ ಎಂಬುದೆಲ್ಲ ಅವರಿಗೆ ಗೊತ್ತು. ಗಾಳದ ಸಂಖ್ಯೆ, ದಾರದ ದಪ್ಪ ತೀರ್ಮಾನಿಸಲು ಬೇಕಾದ ಮಾಹಿತಿ ಅದೇ ಆದ್ದರಿಂದ ಈ ಭೇಟಿ ಅಂಗಡಿಗೆ ಹೋಗುವ ಮುಂಚೆಯೇ ಆಗಲಿ.