ಕಂಪ್ಯೂಟರಿಗೆ ನೀರಿನ ತಂಪು

ಬೇಸಿಗೆಯಲ್ಲಿ ರಾಯಚೂರಿನ ಬಿಸಿಲು 40 ಡಿಗ್ರಿ ದಾಟುವುದು ನಮಗೆಲ್ಲ ಅನುಭವದ ಮಾತು. ಬಿಡಿಭಾಗ ಕೊಂಡು ತಾವೇ ಕಂಪ್ಯೂಟರ್ ಜೋಡಿಸುವ ದೇವದುರ್ಗ, ಮಾನ್ವಿಯ ಮಿತ್ರರು ಕೇಳುವುದುಂಟು: “ಹರವಿಯ ನೀರಿನಂತೆ, ನೀರಿನ ಕೂಲರ್ ಹಾಕಿದ ಯಂತ್ರವೂ ತಣ್ಣಗಿರದೇ?”

ತಪ್ಪು ತಿಳಿವಳಿಕೆ ಇಲ್ಲಿಯೇ ಇದೆ. ಹರವಿಯ ನೀರು ಹೊರಗೆ ಜಿನುಗಿ ಆವಿಯಾಗುವುದರಿಂದ ಉಳಿದ ನೀರು ತಣಿಯುತ್ತದೆ. ಕೂಲರಿನ ನೀರಾದರೋ ಮುಚ್ಚಿದ ಕೊಳವೆಯಲ್ಲಿ ಸುತ್ತುತ್ತದೆ. ಶಕ್ತಿನಗರದ ವಿದ್ಯುತ್ ಕೇಂದ್ರದಲ್ಲಿ ಕೃಷ್ಣೆಯ ನೀರು ಶಾಖ ಹೊರುವಂತೆ, ಇದು ಪ್ರೊಸೆಸರಿನ ಶಾಖವನ್ನು ರೇಡಿಯೇಟರಿಗೆ ಒಯ್ಯುತ್ತದೆ. ಅಲ್ಲಿ ಫ್ಯಾನು ಅದನ್ನು ಕೋಣೆಯ ಗಾಳಿಗೆ ಬಿಡುತ್ತದೆ. ಆದುದರಿಂದ ಕೋಣೆ 40 ಡಿಗ್ರಿ ಇದ್ದರೆ ನೀರು ಅದಕ್ಕಿಂತ ಕೆಳಗಿಳಿಯದು.

ಹಾಗಾದರೆ ಆಯ್ಕೆ ಹೇಗೆ? 65 ವ್ಯಾಟ್ ದರ್ಜೆಯ ಪ್ರೊಸೆಸರಿಗೆ ಒಳ್ಳೆಯ ಗಾಳಿಯ ಕೂಲರೇ ಸಾಕು. ಗಂಟೆಗಟ್ಟಲೆ 200 ವ್ಯಾಟಿನಷ್ಟು ಶಾಖ ಹೊಮ್ಮಿಸುವಂಥದಕ್ಕೆ, ಕಾರ್ಖಾನೆಯಲ್ಲೇ ತುಂಬಿ ಮುಚ್ಚಿದ, 360 ಮಿಲಿಮೀಟರ್ ರೇಡಿಯೇಟರಿನ ಕೂಲರ್ ಲೇಸು. ಸ್ವತಃ ಕೊಳವೆ ಜೋಡಿಸುವವರು ಬೋರಿನ ನೀರನ್ನು ಸರ್ವಥಾ ಹಾಕಬಾರದು, ಸುಣ್ಣ ಕಟ್ಟುವುದು. ಆ ಕೆಲಸಕ್ಕೆಂದೇ ಮಾರುವ ದ್ರವವನ್ನೇ ತರಬೇಕು. ತಾಮ್ರ, ಅಲ್ಯೂಮಿನಿಯಂ ಎರಡನ್ನೂ ಒಂದೇ ನೀರಿಗೆ ಕೂಡಿಸಬಾರದು, ಅಲ್ಯೂಮಿನಿಯಂ ಸವೆಯುವುದು.

ಮಿತ್ರರೇ, ಆ ಹಣ ಮನೆಯವರು ಹೊಲದಲ್ಲಿ ಬೆವರು ಸುರಿಸಿ ಗಳಿಸಿದ್ದು. ಮೊದಲು ಪೆಟ್ಟಿಗೆಯ ಧೂಳು ತೆಗೆದು, ಗಾಳಿಗೆ ದಾರಿ ಮಾಡಿರಿ. ನೀರಿನ ಯೋಚನೆ ಆಮೇಲೆ.